ಜೀವಕೋಶದ ಲಗಾಮು ಕಳಚುವ ವೈರಸ್: ಗರ್ಭಕೊರಳಿನ ಕ್ಯಾನ್ಸರ್ ತಡೆಯಲು ಸಮಯವಿದೆ

ವೈರಸ್ ಎಂದರೆ ನಾಲ್ಕು ದಿನ ಶೀತ, ಜ್ವರ ತಂದು ಹೋಗುವಂಥದ್ದು ಎಂದೇ ನಮ್ಮಲ್ಲಿ ಹೆಚ್ಚಿನವರ ತಿಳುವಳಿಕೆ. ಆದರೆ ಜ್ವರವನ್ನೂ ತಾರದೆ, ನೋವನ್ನೂ ಕೊಡದೆ, ವರ್ಷಗಟ್ಟಲೆ ದೇಹದೊಳಗೆ ಅಡಗಿ ಕುಳಿತು ಜೀವಕೋಶಗಳ ವಿಭಜನೆಯ ಕ್ರಮವನ್ನೇ ಕೆಡಿಸುವ ವೈರಸ್‌ಗಳೂ ಇವೆ. ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ, ಅಂಥದ್ದೊಂದು. ಮಹಿಳೆಯರ ಗರ್ಭಕೊರಳಿನ ಕ್ಯಾನ್ಸರ್ ಪ್ರಕರಣಗಳಲ್ಲಿ ಬಹುತೇಕ ಎಲ್ಲದಕ್ಕೂ ಇದೇ ಮೂಲ. 2022ರಲ್ಲಿ ಭಾರತದ ಸುಮಾರು 1.27 ಲಕ್ಷ ಮಹಿಳೆಯರಲ್ಲಿ ಈ ರೋಗ ಹೊಸದಾಗಿ ಕಾಣಿಸಿಕೊಂಡಿತು, ಸುಮಾರು 80 ಸಾವಿರ ಮಂದಿ ಇದಕ್ಕೆ ಬಲಿಯಾದರು ಎಂದು ಅಂದಾಜಿಸಲಾಗಿದೆ.

ಈ ವೈರಸ್ ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಮದುವೆಯಾಗಿ ಸಂಸಾರ ನಡೆಸುತ್ತಿರುವ ಹೆಚ್ಚಿನವರಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ತಗಲಿರುತ್ತದೆ. ಆದ್ದರಿಂದ ಇದು ನಡತೆಗೆಟ್ಟವರ ರೋಗ ಎಂಬ ಮಾತಿಗೆ ಅರ್ಥವಿಲ್ಲ. ಹತ್ತರಲ್ಲಿ ಒಂಬತ್ತು ಮಂದಿಯ ದೇಹ ಎರಡು ವರ್ಷದೊಳಗೆ ವೈರಸ್ಸನ್ನು ತಾನಾಗಿಯೇ ಹೊರದಬ್ಬುತ್ತದೆ. ಅದು ಹೋಗದೆ ಉಳಿದವರಿಗಷ್ಟೇ ಅಪಾಯ.

ಬ್ರೇಕ್ ಕೀಳುವ ಬಗೆ

ನಮ್ಮ ಸಾಮಾನ್ಯ ದೇಹಕೋಶಗಳಲ್ಲಿ 46 ಕ್ರೋಮೋಸೋಮ್‌ಗಳು, ಅಂದರೆ ವರ್ಣತಂತುಗಳು, ಇರುತ್ತವೆ. ಕೋಶ ಎರಡಾಗುವ ಮುನ್ನ ಇವುಗಳ ನಕಲು ತಯಾರಾಗಿ ಎರಡೂ ಮರಿಕೋಶಗಳಿಗೆ ಸರಿಸಮನಾಗಿ ಹಂಚಿಕೆಯಾಗಬೇಕು. ಅಗತ್ಯವಿಲ್ಲದಿದ್ದಾಗ ವಿಭಜನೆಯನ್ನು ತಡೆಹಿಡಿಯಲು ಆರ್‌ಬಿ ಎಂಬ ಪ್ರೋಟೀನ್ ಇದೆ. ಕೋಶ ಕೆಟ್ಟರೆ ಅದನ್ನು ನಿಲ್ಲಿಸಲು, ರಿಪೇರಿ ಆಗದಿದ್ದರೆ ಸಾಯಿಸಲು ಪಿ53 ಎಂಬ ಇನ್ನೊಂದು ಕಾವಲುಗಾರ ಪ್ರೋಟೀನ್ ಇದೆ.

ಎಚ್‌ಪಿವಿಗೆ ತನ್ನ ಸಂತಾನ ಬೆಳೆಸಲು ಬೇಕಾದ ಯಂತ್ರೋಪಕರಣ ಸ್ವಂತದ್ದಾಗಿ ಇಲ್ಲ. ಕೋಶವು ವಿಭಜನೆಗೆ ಸಿದ್ಧವಾದಾಗ ಮಾತ್ರ ಆ ಉಪಕರಣಗಳು ಅದರ ಕೈಗೆ ಸಿಗುತ್ತವೆ. ಹಾಗಾಗಿ ಅದರ ಇ7 ಎಂಬ ಪ್ರೋಟೀನ್ ಆರ್‌ಬಿಯನ್ನು ಹಿಡಿದು ನಿಷ್ಕ್ರಿಯಗೊಳಿಸುತ್ತದೆ. ಇ6 ಎಂಬುದು ಪಿ53ಯನ್ನು ನಾಶಪಡಿಸುತ್ತದೆ. ಒಂದು ಬ್ರೇಕ್ ಕಿತ್ತರೆ, ಇನ್ನೊಂದು ಕಾವಲುಗಾರನನ್ನೇ ಮುಗಿಸಿದಂತೆ.

ಮುಂದಿನ ಅನಾಹುತ ಹಂಚಿಕೆಯದ್ದು. ವಿಭಜನೆಯ ಹೊತ್ತಿಗೆ ಕೋಶದಲ್ಲಿ ಸೆಂಟ್ರೋಸೋಮ್ ಎಂಬ ಎರಡು ಕೇಂದ್ರಗಳು ಎರಡು ದಿಕ್ಕಿನಲ್ಲಿ ನಿಂತು ವರ್ಣತಂತುಗಳನ್ನು ಎಳೆದುಕೊಳ್ಳುತ್ತವೆ. ಇ6, ಇ7 ಬೀಡುಬಿಟ್ಟ ಕೋಶದಲ್ಲಿ ಇಂಥ ಕೇಂದ್ರಗಳು ಮೂರು, ನಾಲ್ಕು ಆಗಬಹುದು. ಆಗ ಒಂದು ಮರಿಕೋಶಕ್ಕೆ ವರ್ಣತಂತು ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಇಂಥ ಅಸಮ ಹಂಚಿಕೆಯೇ ಕ್ಯಾನ್ಸರಿಗೆ ದಾರಿಯಾಗಬಹುದೆಂದು ಜರ್ಮನಿಯ ಜೀವವಿಜ್ಞಾನಿ ಥಿಯೋಡರ್ ಬೊವೆರಿ 1914ರಲ್ಲೇ ಬರೆದಿದ್ದರು.

ಕೆಲವೊಮ್ಮೆ ವೈರಸ್ಸಿನ ಡಿಎನ್‌ಎ ಉಂಗುರ ತುಂಡಾಗಿ ನಮ್ಮ ವರ್ಣತಂತುವಿನೊಳಗೇ ಸೇರಿಕೊಳ್ಳುತ್ತದೆ. ಹೀಗೆ ತುಂಡಾಗುವಾಗ ಇ6, ಇ7ಗಳನ್ನು ಹತೋಟಿಯಲ್ಲಿಡುವ ಇ2 ಎಂಬ ಭಾಗ ಸಾಮಾನ್ಯವಾಗಿ ಹಾಳಾಗುತ್ತದೆ. ಇದರಿಂದ ವೈರಸ್ಸಿಗೂ ಲಾಭವಿಲ್ಲ, ಅಲ್ಲಿಂದ ಹೊಸ ವೈರಸ್ ಹುಟ್ಟುವುದಿಲ್ಲ. ಆದರೆ ಕೋಶ ಮಾತ್ರ ಅಂಕೆಯಿಲ್ಲದೆ ಬೆಳೆಯತೊಡಗುತ್ತದೆ.

ಇದಕ್ಕೆ ಜ್ವಲಂತ ಸಾಕ್ಷಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಗರ್ಭಕೊರಳಿನ ಕ್ಯಾನ್ಸರಿನಿಂದ 1951ರಲ್ಲಿ, ಕೇವಲ 31ನೇ ವಯಸ್ಸಿನಲ್ಲಿ ತೀರಿಕೊಂಡ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆಯ ಗಡ್ಡೆಯ ಕೋಶಗಳು. ಆಕೆಯ ಒಪ್ಪಿಗೆ ಕೇಳದೆ ತೆಗೆದ ಆ 'ಹೀಲಾ' ಕೋಶಗಳು ಜಗತ್ತಿನ ಪ್ರಯೋಗಾಲಯಗಳಲ್ಲಿ ಇಂದಿಗೂ ವಿಭಜನೆಯಾಗುತ್ತಲೇ ಇವೆ. ಅವುಗಳಲ್ಲಿರುವುದು 46ರ ಬದಲು 76ರಿಂದ 80 ವರ್ಣತಂತುಗಳು, ಜೊತೆಗೆ ಎಚ್‌ಪಿವಿ-18ರ ತುಣುಕುಗಳು. ಪ್ರಯೋಗಾಲಯದಲ್ಲಿ ಇ2 ಪ್ರೋಟೀನ್ ಮರಳಿ ಒದಗಿಸಿ ಇ6, ಇ7ಗಳ ಬಾಯಿ ಮುಚ್ಚಿಸಿದಾಗ ಹೀಲಾ ಕೋಶಗಳೂ ಬೆಳವಣಿಗೆ ನಿಲ್ಲಿಸಿದವು. ಎಚ್‌ಪಿವಿ ಮತ್ತು ಈ ಕ್ಯಾನ್ಸರಿನ ನಂಟನ್ನು ಕಂಡುಹಿಡಿದ ಹರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಮುಂಬಯಿಯ ಕೊಡುಗೆ

ಸಮಾಧಾನದ ಸಂಗತಿಯೆಂದರೆ ಸೋಂಕು ತಗಲಿ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಆ ಅವಧಿಯಲ್ಲಿ ಪತ್ತೆಯಾದರೆ ಕೆಟ್ಟ ಭಾಗವನ್ನಷ್ಟೇ ತೆಗೆದು ಗುಣಪಡಿಸಬಹುದು. ಮುಂಬಯಿ ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆ ಇದನ್ನು ನಗರದ ಕೊಳೆಗೇರಿಗಳಲ್ಲೇ ತೋರಿಸಿಕೊಟ್ಟಿತು. 1998ರಲ್ಲಿ ಆರಂಭವಾದ ಅಧ್ಯಯನದಲ್ಲಿ ಸುಮಾರು 1.5 ಲಕ್ಷ ಮಹಿಳೆಯರು ಪಾಲ್ಗೊಂಡರು. ಅವರಲ್ಲಿ ಅರ್ಧದಷ್ಟು ಮಂದಿಗೆ ಎರಡು ವರ್ಷಕ್ಕೊಮ್ಮೆ ಗರ್ಭಕೊರಳಿಗೆ ವಿನೆಗರ್ ಹಚ್ಚಿ ನೋಡುವ ಸರಳ ಪರೀಕ್ಷೆ. ಕೆಟ್ಟ ಭಾಗ ಬೆಳ್ಳಗಾಗಿ ಕಾಣುತ್ತದೆ. ಪರೀಕ್ಷೆ ಮಾಡಿದವರು ವೈದ್ಯರಲ್ಲ, ತರಬೇತಿ ಪಡೆದ ಸ್ಥಳೀಯ ಮಹಿಳೆಯರು. ಉಳಿದವರಿಗೆ ತಿಳುವಳಿಕೆಯನ್ನಷ್ಟೇ ನೀಡಲಾಗಿತ್ತು. ಪರೀಕ್ಷೆಗೊಳಗಾದವರಲ್ಲಿ ಸಾವಿನ ಪ್ರಮಾಣ ಶೇ. 31ರಷ್ಟು ಕಡಿಮೆಯಾದದ್ದು 2013ರಲ್ಲಿ ಪ್ರಕಟವಾಯಿತು.

ಮಾಡಬೇಕಾದ್ದು ಏನು?

ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ಸರ್ವಾವ್ಯಾಕ್ ಲಸಿಕೆ 2023ರಲ್ಲಿ ಬಿಡುಗಡೆಯಾಯಿತು. ಲಸಿಕೆಯಿಂದಲೇ ರೋಗ ಬಂದೀತೇ ಎಂಬ ಅಂಜಿಕೆ ಬೇಡ. ಅದರಲ್ಲಿರುವುದು ವೈರಸ್ಸಿನ ಹೊರಚಿಪ್ಪಿನ ಪ್ರೋಟೀನ್ ಮಾತ್ರ. ಕೋಶವನ್ನು ಕೆಡಿಸುವ ಇ6, ಇ7 ಅದರಲ್ಲಿಲ್ಲ. ಆದರೆ ಈಗಾಗಲೇ ತಗಲಿದ ಸೋಂಕನ್ನು ಲಸಿಕೆ ಗುಣಪಡಿಸದು. ಅದಕ್ಕೇ 9ರಿಂದ 14 ವರ್ಷದ ಹುಡುಗಿಯರಿಗೆ ಇದನ್ನು ಕೊಡಿಸಬೇಕೆನ್ನುವುದು.

ತಾಯಂದಿರಿಗೆ ಪರೀಕ್ಷೆಯೇ ರಕ್ಷಣೆ. 30 ದಾಟಿದವರು ಪ್ಯಾಪ್, ವಿನೆಗರ್ ಅಥವಾ ಎಚ್‌ಪಿವಿ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬೇಕು. ಮುಟ್ಟು ನಿಂತ ಮೇಲೆ ರಕ್ತಸ್ರಾವ, ಮುಟ್ಟುಗಳ ನಡುವೆ ಅಥವಾ ಸಂಪರ್ಕದ ನಂತರ ರಕ್ತ, ದುರ್ವಾಸನೆಯ ಬಿಳಿಸೆರಗು ಕಂಡರೆ ತಡಮಾಡಬಾರದು. ಮನೆಮಂದಿಯೆಲ್ಲರ ಮದ್ದು, ಊಟ ವಿಚಾರಿಸುವ ನಮ್ಮ ಅಮ್ಮಂದಿರು, ಅಕ್ಕಂದಿರು ತಮ್ಮ ಸರದಿಯನ್ನು ಕೊನೆಗೆ ಇಟ್ಟುಕೊಳ್ಳುವುದೇ ಹೆಚ್ಚು. ವೈರಸ್ಸಿಗೆ ಬೇಕಾದದ್ದೂ ಆ ವಿಳಂಬವೇ. ಅವರನ್ನು ಒಮ್ಮೆ ಪರೀಕ್ಷೆಗೆ ಕರೆದೊಯ್ಯುವ ಜವಾಬ್ದಾರಿಯನ್ನು ಮನೆಯ ಗಂಡಸರೂ, ಮಕ್ಕಳೂ ವಹಿಸಿಕೊಳ್ಳಲಿ.