ಲೆಕ್ಕಕ್ಕೆ ಸಿಗದ ಕಲ್ಲುಗುಂಡಿಗಳು

ಕಂದಾಯ ದಾಖಲೆಗಳಲ್ಲಿ ಬೆಳೆ ಬಾರದ ನೆಲಕ್ಕೆ ‘ಖರಾಬು’ ಎಂದು ಹೆಸರು. ಸೇವಾವಧಿಯ ಉದ್ದಕ್ಕೂ ಈ ಪದವನ್ನು ಕಡತಗಳಲ್ಲಿ ಓದಿದ, ಬರೆದ ನನಗೆ ಈಗ ಅನ್ನಿಸುವುದಿಷ್ಟು: ಕಡಲಂಚಿನ ಬಂಡೆಗಳನ್ನೂ ನಮ್ಮ ಸಮಾಜ ಮನಸ್ಸಿನಲ್ಲಿಯೇ ಆ ಪಟ್ಟಿಗೆ ಸೇರಿಸಿಬಿಟ್ಟಿದೆ. ಅಲ್ಲಿ ದೋಣಿ ನಿಲ್ಲಿಸಲಾಗದು, ತೆಂಗು ನೆಡಲಾಗದು. ಆದ್ದರಿಂದ ಅದಕ್ಕೆ ಬೆಲೆಯಿಲ್ಲ ಎಂಬುದು ನಮ್ಮ ತೀರ್ಮಾನ.

ಬೈಂದೂರಿಗೆ ಅಂಟಿಕೊಂಡಿರುವ ಯಡ್ತರೆಯಿಂದ ಪಡುವಣಕ್ಕೆ ನಡೆದರೆ ಒತ್ತಿನೆಣೆಯ ಗುಡ್ಡ, ಅದರ ಬುಡದಲ್ಲಿ ಸೋಮೇಶ್ವರದ ಕಡಲತೀರ, ಸಮೀಪದಲ್ಲೇ ಸಮುದ್ರ ಸೇರುವ ಸುಮನಾ ಹೊಳೆ. ಇಲ್ಲಿನ ಬಂಡೆಗಳ ಮೇಲೆ ಕಡಲು ದಿನಕ್ಕೆರಡು ಬಾರಿ ಏರಿ ಇಳಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಈ ಭರತ–ಇಳಿತದ ಅಂತರ ಹೆಚ್ಚು. ನೀರು ಹಿಂದೆ ಸರಿದಾಗ ಬಂಡೆಯ ತಗ್ಗುಗಳಲ್ಲಿ ಉಳಿಯುವ ಕೊಳಗಳು ಮೇಲ್ನೋಟಕ್ಕೆ ಒಂದೇ ತೆರನಾಗಿ ಕಂಡರೂ ಮೀನುಗಳ ಪಾಲಿಗೆ ಅವು ಬೇರೆ ಬೇರೆ ಕೇರಿಗಳು.

ಎತ್ತರದ ಗುಂಡಿಗಳಲ್ಲಿ ಬದುಕು ಕಠಿಣ. ಬೇಸಿಗೆಯ ಮಧ್ಯಾಹ್ನ ನೀರು ಕಾಯುತ್ತದೆ, ಆವಿಯಾಗಿ ಉಪ್ಪು ಹೆಚ್ಚುತ್ತದೆ. ಮಳೆಗಾಲದಲ್ಲಿ ಅದೇ ಗುಂಡಿ ಸಿಹಿನೀರಾಗಿಬಿಡಬಹುದು. ರಾತ್ರಿ ಪಾಚಿಯೂ ಉಸಿರಾಡುವುದರಿಂದ ಆಮ್ಲಜನಕ ಕುಸಿಯುತ್ತದೆ. ಇಂಥಲ್ಲಿ ನೆಲೆಸುವ ಮೀನುಗಳು ಬೆರಳೆಣಿಕೆಯವು. ಬ್ಲೆನ್ನಿ ಜಾತಿಯ ಕೆಲವಂತೂ ಒದ್ದೆ ಚರ್ಮದ ಮೂಲಕ ಗಾಳಿಯಿಂದಲೇ ಉಸಿರೆಳೆದುಕೊಳ್ಳಬಲ್ಲವು. ನಡುವಣ ಗುಂಡಿಗಳು ಗೋಬಿ ಮತ್ತು ಬ್ಲೆನ್ನಿಗಳ ಖಾಯಂ ವಸತಿ. ಬಿರುಕುಗಳಲ್ಲಿ ಮೊಟ್ಟೆಯಿಟ್ಟ ಮೇಲೆ ಕಾವಲಿರುವುದು ಸಾಮಾನ್ಯವಾಗಿ ಗಂಡುಮೀನೇ. ಕೆಳಗಿನ ಗುಂಡಿಗಳು ಕಡಲಿನಿಂದ ಅಲ್ಪಕಾಲ ಮಾತ್ರ ಬೇರ್ಪಡುವುದರಿಂದ ಅಲ್ಲಿ ಅತಿಥಿಗಳೇ ಹೆಚ್ಚು: ಮೈಮೇಲೆ ಪಟ್ಟೆಯುಳ್ಳ ಸಾರ್ಜೆಂಟ್ ಮೀನಿನ ಮರಿ, ಬಿಲ್ಲಿನಾಕಾರದ ಗೆರೆಗಳ ಟೆರಾಪಾನ್ ಮರಿ, ಮಲೆಟ್ ಮರಿ. ದೊಡ್ಡ ಮೀನುಗಳ ಬಾಯಿಗೆ ಬೀಳದೆ ಬೆಳೆಯುವ ತನಕ ಇವು ಇಲ್ಲಿ ಆಶ್ರಯ ಪಡೆದು, ಬಳಿಕ ಹೊಳೆಬಾಯಿಗೋ ಕಡಲಿಗೋ ಹೊರಟುಹೋಗುತ್ತವೆ.

ಖಾಯಂ ನಿವಾಸಿಗಳಿಗೆ ತಮ್ಮ ಊರಿನ ನಕ್ಷೆ ಬಾಯಿಪಾಠ. ಅಮೆರಿಕದ ವಿಜ್ಞಾನಿ ಲೆಸ್ಟರ್ ಆರನ್‌ಸನ್ 1951ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಂದಿಗೂ ಬೆರಗು ಹುಟ್ಟಿಸುತ್ತದೆ. ಇಳಿತದ ವೇಳೆ ಗೋಬಿ ಮೀನು ಒಂದು ಗುಂಡಿಯಿಂದ ಕಣ್ಣಿಗೆ ಕಾಣದ ಇನ್ನೊಂದು ಗುಂಡಿಗೆ ಗುರಿತಪ್ಪದೆ ಜಿಗಿಯುತ್ತದೆ. ಭರತದ ಹೊತ್ತಿನಲ್ಲಿ ಬಂಡೆಯ ಮೇಲೆ ಈಜಾಡುವಾಗ ತಗ್ಗುದಿಣ್ಣೆಗಳನ್ನು ಗುರುತಿಟ್ಟುಕೊಂಡು, ಆ ನೆನಪನ್ನು ವಾರಗಟ್ಟಲೆ ಉಳಿಸಿಕೊಳ್ಳುತ್ತದೆ ಎಂದು ಅವರು ಕಂಡುಕೊಂಡರು. ಅಂದರೆ ಆ ಮೀನಿಗೆ ಬೇಕಾದದ್ದು ಯಾವುದೋ ಒಂದು ಗುಂಡಿಯಲ್ಲ, ಗುಂಡಿಗಳ ಇಡೀ ಸಾಲು. ಒಂದನ್ನು ಮುಚ್ಚಿ ಇನ್ನೊಂದನ್ನು ಉಳಿಸಿದೆವೆಂದು ಸಮಾಧಾನಪಡುವುದಕ್ಕೆ ಆಸ್ಪದವಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನ್ನನ್ನು ಕಾಡುವ ಪ್ರಶ್ನೆ ಇಲ್ಲಿಯದು. ಬಂದರಿಗೆ ಬಂದಿಳಿಯುವ ಬಂಗುಡೆ, ಬೈಗೆಗಳ ಅಂದಾಜನ್ನು ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ವರ್ಷ ವರ್ಷವೂ ಸಿದ್ಧಪಡಿಸುತ್ತದೆ. ಅದು ಬಡ್ಡಿಯ ಲೆಕ್ಕ. ಆ ಬಂಗುಡೆ ಕಲ್ಲುಗುಂಡಿಯಲ್ಲಿ ಬೆಳೆಯುವುದಿಲ್ಲ, ನಿಜ. ಆದರೆ ಕೈಬಲೆ, ಗಾಳಗಳನ್ನು ನಂಬಿದ ಸಣ್ಣ ಮೀನುಗಾರನಿಗೆ ಸಿಗುವ ದಡದ ಮೀನುಗಳಿಗೆ ಹೊಳೆಬಾಯಿ, ಕಾಂಡ್ಲಾ ಕಾಡು, ಬಂಡೆಸಾಲುಗಳೇ ಅಸಲು. ಬಡ್ಡಿ ಬರೆದುಕೊಂಡು ಅಸಲನ್ನು ಮರೆಯುವ ಲೆಕ್ಕಪತ್ರವನ್ನು ಯಾವ ಲೆಕ್ಕಪರಿಶೋಧಕ ಒಪ್ಪಿಯಾನು?

ಅಸಲು ಸವೆಯುವ ದಾರಿಗಳು ಹಲವು. ಹೆದ್ದಾರಿ ಅಗಲೀಕರಣಕ್ಕೆ ಒತ್ತಿನೆಣೆಯ ಗುಡ್ಡ ಕಡಿದ ಮೇಲೆ ಮಳೆಗಾಲದ ಕುಸಿತಗಳು ಸುದ್ದಿಯಾದವು. ಮಳೆನೀರು ಹೊತ್ತು ತರುವ ಕೆಸರು ಕೊನೆಗೆ ಸೇರುವುದು ತಗ್ಗಿನ ಕಡೆಗೇ. ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆಯು, 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವ ಗ್ರಾಮೀಣ ತೀರಗಳಲ್ಲಿ ನಿರ್ಮಾಣ ನಿಷೇಧದ ಅಂತರವನ್ನು 200 ಮೀಟರಿನಿಂದ 50ಕ್ಕೆ ಇಳಿಸಿತು. ಭರತ–ಇಳಿತದ ನಡುವಣ ಪಟ್ಟಿಗೆ ರಕ್ಷಣೆಯೇನೋ ಕಾಗದದ ಮೇಲಿದೆ. ಕಟ್ಟಡಗಳು ಹತ್ತಿರವಾದಷ್ಟೂ ಅವುಗಳ ಕೊಳಚೆಯೂ ಕಸವೂ ಹತ್ತಿರವಾಗುತ್ತವೆ. ಕಡಲ್ಕೊರೆತ ತಡೆಯಲು ಸುರಿಯುವ ಹೆಬ್ಬಂಡೆಗಳು ನೈಸರ್ಗಿಕ ಬಂಡೆಯ ಸ್ಥಾನ ತುಂಬಲಾರವು. ಅವುಗಳ ಸಂದಿಯಲ್ಲಿ ನೀರು ಸೋರಿಹೋಗುತ್ತದೆ, ನಿಲ್ಲುವುದಿಲ್ಲ.

ಹಾಗೆಂದು ತಡೆಗೋಡೆಗಳೇ ಬೇಡವೆನ್ನುವುದು ಮನೆ ಕಳೆದುಕೊಳ್ಳುವ ಭಯದಲ್ಲಿರುವ ಮೀನುಗಾರರಿಗೆ ಮಾಡುವ ಅನ್ಯಾಯ. ಆದರೆ ಕಟ್ಟುವಾಗ ಇನ್ನಷ್ಟು ಯೋಚಿಸಬಹುದು. ಆಸ್ಟ್ರೇಲಿಯಾದ ಸಿಡ್ನಿ ಬಂದರಿನಲ್ಲಿ ಕಡಲಗೋಡೆಗಳಿಗೆ ನೀರು ಹಿಡಿದಿಡುವ ಹೂಕುಂಡಗಳಂಥ ಪಾತ್ರೆಗಳನ್ನು ಜೋಡಿಸಿದಾಗ, ಬರಿಯ ಗೋಡೆಯಲ್ಲಿ ಕಾಣದಿದ್ದ ಜೀವಿಗಳೂ ಬಂದು ನೆಲೆಸಿದವು. ನಮ್ಮ ಎಂಜಿನಿಯರುಗಳಿಗೆ ಇದು ಅಸಾಧ್ಯದ ಕೆಲಸವೇನಲ್ಲ.

ಅದಕ್ಕೂ ಮೊದಲು ಆಗಬೇಕಾದದ್ದು ದಾಖಲೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ನಿರ್ವಹಣಾ ಸಮಿತಿಯನ್ನು ರಚಿಸಿ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಅದರಲ್ಲಿ ಔಷಧಿ ಗಿಡ, ಹಣ್ಣಿನ ಮರಗಳ ಜೊತೆಗೆ ಈ ಗುಂಡಿಗಳಿಗೂ ಒಂದು ಪುಟ ಮೀಸಲಾಗಲಿ. ಬೇಸಿಗೆಯ ಅಮಾವಾಸ್ಯೆಯ ಇಳಿತದಲ್ಲಿ ಶಾಲಾ ಮಕ್ಕಳು ಹಿರಿಯ ಮೀನುಗಾರರೊಂದಿಗೆ ಹೋಗಿ ಯಾವ ಗುಂಡಿಯಲ್ಲಿ ಯಾವ ಮೀನು, ಎಷ್ಟು ಎಂದು ಬರೆದಿಟ್ಟರೂ ಸಾಕು. ಇದಕ್ಕೆ ಅನುದಾನ ಬೇಡ, ಆಸಕ್ತಿ ಬೇಕು. ದಾಖಲೆಯಲ್ಲಿ ಇಲ್ಲದ್ದನ್ನು ನಾಶಮಾಡುವಾಗ ಯಾರೂ ಅಡ್ಡಬರುವುದಿಲ್ಲ, ಪರಿಹಾರವನ್ನೂ ಕೇಳುವುದಿಲ್ಲ ಎಂಬುದು ಆಡಳಿತದಲ್ಲಿ ನಾನು ಕಲಿತ ಪಾಠಗಳಲ್ಲಿ ಮುಖ್ಯವಾದದ್ದು.