ಬ್ಯಾಂಕಿನ ಕೌಂಟರಿನ ಆಚೆ ಬದಿ

ಪಾಸ್‌ಬುಕ್ ಹಿಡಿದು ಸಾಲಿನಲ್ಲಿ ನಿಂತು, "ಎರಡು ಸಾವಿರ ಕೊಡೋದಕ್ಕೆ ಇಷ್ಟು ಹೊತ್ತೇ?" ಎಂದು ನೀವೂ ಗೊಣಗಿರಬಹುದು. ಒಮ್ಮೆ ಗಾಜಿನ ಆಚೆಗೂ ಕಣ್ಣು ಹಾಯಿಸಿ. ಮದುವೆ ಮನೆಯ ಅಡುಗೆಯಂತೆ ಅಲ್ಲಿಯೂ ಒಂದೇ ಕೈಯಿಂದ ಕೆಲಸವಾಗದು. ಒಬ್ಬರು ಬರೆದ ಲೆಕ್ಕವನ್ನು ಇನ್ನೊಬ್ಬರು ನೋಡಿ ಒಪ್ಪಬೇಕು. ತಿಜೋರಿಗೆ ಎರಡು ಬೀಗದ ಕೈ, ಇಬ್ಬರ ಬಳಿ. ಆ ಇಬ್ಬರಿಗೆ ಮಾತು ಬಿಟ್ಟಿತೆನ್ನಿ, ಕಾಯುವವರು ನಾವೇ!

ನಮ್ಮ ಸೀಮೆಯಲ್ಲಿ ಕೆಲಸವೂ ಒಂದೇ ತರಹದ್ದಲ್ಲ. ಶ್ರೀನಿವಾಸಪುರದಲ್ಲಿ ಮಾವಿನ ಕಾಲ, ಕೋಲಾರದಲ್ಲಿ ಟೊಮೆಟೊ ಮಂಡಿ, ಮಾಲೂರಿನಲ್ಲಿ ಕಾರ್ಖಾನೆಗಳ ಸಂಬಳದ ವಾರ. ಮುಳಬಾಗಿಲಿಗೆ ಮಲೆನಾಡಿನಿಂದ ವರ್ಗವಾಗಿ ಬಂದ ಹುಡುಗಿ ನಾಲ್ಕು ಮಾತು ತೆಲುಗೂ ಕಲಿಯಬೇಕು. ನಿನ್ನೆ ನಗದು ಎಣಿಸಿದವಳು ಇಂದು ಸಾಲದ ಕಾಗದ ನೋಡುತ್ತಾಳೆ. ಹೊಸತು ಕಲಿಸಲು ಪಕ್ಕದ ಕುರ್ಚಿಯವರಿಗೆ ಮನಸ್ಸಿದ್ದರೆ ಸರಿ, ಇಲ್ಲದಿದ್ದರೆ ದಿನವೆಲ್ಲ ಪರದಾಟ.

ಇನ್ನು ಬೋರ್ಡು ಬದಲಾದ ಕಥೆ. ನಮ್ಮ ಕೋಲಾರ ಗ್ರಾಮೀಣ ಬ್ಯಾಂಕು 2005ರಲ್ಲಿ ಪ್ರಗತಿ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. ಅದು 2013ರಲ್ಲಿ ಪ್ರಗತಿ ಕೃಷ್ಣ ಆಯಿತು, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕು. 2025ರ ಮೇ ತಿಂಗಳಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಅದರೊಡನೆ ಕೂಡಿತು. ಕುರ್ಚಿ ಬಿಟ್ಟು ಏಳದೆಯೇ ಇಷ್ಟು ಬ್ಯಾಂಕಿನ ನೌಕರಿ! ಹಳೆಯ ಕೋಲಾರ ಜಿಲ್ಲೆಯ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು ಕೂಡ 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಲೀನವಾಯಿತು. ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ 2020ರಲ್ಲಿ ಹೋದವು. ಮೇಲಿನವರಿಗೆ ಅದು ಒಂದು ಆದೇಶ. ಹೊಸ ಚೆಕ್ಕು, ಹೊಸ ಪಾಸ್‌ಬುಕ್ ಎಂದು ಗಾಬರಿಯಾಗಿ ಬಂದ ಅಜ್ಜಿಗೆ "ನಿಮ್ಮ ದುಡ್ಡು ಎಲ್ಲೂ ಹೋಗಿಲ್ಲಮ್ಮ" ಎಂದು ಹೇಳಬೇಕಾದವಳು ಕೌಂಟರಿನ ಹುಡುಗಿ. ಈ ಭಾರ ಅವಳ ತಲೆಗೇ ಹೆಚ್ಚು ಬಿತ್ತೆಂದು ನನ್ನ ಅನಿಸಿಕೆ.

ನಿಮ್ಮ ಮಗಳೋ ಸೊಸೆಯೋ ಬ್ಯಾಂಕಿನಲ್ಲಿದ್ದರೆ ಇದು ನಿಮಗೆ ಗೊತ್ತಿರುತ್ತದೆ. ಸಂಜೆ ನಗದು ತಾಳೆಯಾಗದೆ ಅವಳು ಮನೆಗೆ ಹೊರಡುವ ಹಾಗಿಲ್ಲ. ಆಗ ಜೊತೆಗಾರರು ಚೀಲ ಕೆಳಗಿಟ್ಟು, "ತಾ, ನಾನೂ ಎಣಿಸ್ತೀನಿ" ಎಂದರೆ ಆ ದಿನ ನಗುತ್ತಾ ಬರುತ್ತಾಳೆ. ಸಂಬಳ ಅಷ್ಟೇ ಇರುತ್ತದೆ, ಮುಖ ಬೇರೆ. ತಡವಾಯಿತೆಂದು ಬಾಗಿಲಲ್ಲೇ ಆಕ್ಷೇಪಿಸದೆ ಮೊದಲು ಒಂದು ಲೋಟ ಕಾಫಿ ಕೊಡಿ.

ನಿಮ್ಮ ಕೆಲಸಕ್ಕೆ ಹೋಗುವಾಗ ಸಂಬಳದ ವಾರ ಬಿಟ್ಟು ಹೋಗಿ. ಚೀಟಿಯನ್ನು ಮನೆಯಲ್ಲೇ ತುಂಬಿಸಿಕೊಂಡಿರಿ. ಎರಡನೇ, ನಾಲ್ಕನೇ ಶನಿವಾರ ಬಾಗಿಲು ಹಾಕಿರುತ್ತದೆ, ಬಸ್ ಛಾರ್ಜು ದಂಡ.