ಕ್ಯಾಲಿಫೋರ್ನಿಯಾದ ಕಟ್ಟಡ ಗುತ್ತಿಗೆದಾರರ ಪರವಾನಗಿ

ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಕಟ್ಟಡ ನಿರ್ಮಾಣ ಹಾಗೂ ಮನೆ ದುರಸ್ತಿಯ ಗುತ್ತಿಗೆ ವಹಿಸಿಕೊಳ್ಳಲು ಪರವಾನಗಿ ಕಡ್ಡಾಯವಾಗಿದೆ. 1929ರಲ್ಲಿ ಸ್ಥಾಪಿತವಾದ ಗುತ್ತಿಗೆದಾರರ ರಾಜ್ಯ ಪರವಾನಗಿ ಮಂಡಳಿಯು ಇದನ್ನು ನೀಡುತ್ತದೆ. 1,000 ಡಾಲರ್‌ಗಿಂತ ಕಡಿಮೆ ವೆಚ್ಚದ, ನಿರ್ಮಾಣ ಅನುಮತಿ ಬೇಡದ ಮತ್ತು ಕೂಲಿಯಾಳುಗಳನ್ನು ನೇಮಿಸಿಕೊಳ್ಳದೆ ಮಾಡುವ ಕೆಲಸಗಳಿಗೆ ವಿನಾಯಿತಿ ಇದೆ. 2024ರ ಅಂತ್ಯದವರೆಗೆ ಈ ಮಿತಿ 500 ಡಾಲರ್ ಆಗಿತ್ತು.

ವರ್ಗಗಳು

* ಎ: ರಸ್ತೆ, ಸೇತುವೆ, ಅಣೆಕಟ್ಟು ಮುಂತಾದ ಎಂಜಿನಿಯರಿಂಗ್ ಕಾಮಗಾರಿಗಳು
* ಬಿ: ಸಾಮಾನ್ಯ ಕಟ್ಟಡ ನಿರ್ಮಾಣ
* ಬಿ-2: ವಾಸದ ಮನೆಗಳ ನವೀಕರಣ
* ಸಿ: ವಿದ್ಯುತ್, ಕೊಳಾಯಿ, ಚಾವಣಿ ಮೊದಲಾದ ವಿಶೇಷ ಕಸುಬುಗಳು

ಅರ್ಹತೆ

ಅರ್ಜಿದಾರರಿಗೆ 18 ವರ್ಷ ತುಂಬಿರಬೇಕು. ಹಿಂದಿನ 10 ವರ್ಷಗಳಲ್ಲಿ ಕನಿಷ್ಠ 4 ವರ್ಷ ಆಯಾ ಕಸುಬಿನಲ್ಲಿ ನುರಿತವರಾಗಿ ದುಡಿದ ಅನುಭವ ಅವಶ್ಯಕ. ಸಾಮಾನ್ಯವಾಗಿ ಕಾನೂನು-ವ್ಯವಹಾರ ಮತ್ತು ಕಸುಬು ಎಂಬ ಎರಡು ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. 25,000 ಡಾಲರ್ ಮೊತ್ತದ ಬಾಂಡ್ ಸಲ್ಲಿಸಬೇಕು.

ಉಲ್ಲಂಘನೆಯ ಪರಿಣಾಮ

ಪರವಾನಗಿ ಇಲ್ಲದೆ ದುಡಿಯುವುದು ಶಿಕ್ಷಾರ್ಹ ಅಪರಾಧ. ಜೊತೆಗೆ, ರಾಜ್ಯದ ವ್ಯಾಪಾರ ಮತ್ತು ವೃತ್ತಿ ಸಂಹಿತೆಯ 7031ನೇ ಕಲಮಿನ ಪ್ರಕಾರ ಅಂತಹ ಗುತ್ತಿಗೆದಾರನು ತನ್ನ ಬಾಕಿ ಹಣಕ್ಕಾಗಿ ನ್ಯಾಯಾಲಯದಲ್ಲಿ ದಾವೆ ಹೂಡುವಂತಿಲ್ಲ. ಕೆಲಸ ದೋಷರಹಿತವಾಗಿದ್ದರೂ ಮನೆಯ ಮಾಲೀಕರು ತಾವು ಅದಾಗಲೇ ಪಾವತಿಸಿದ ಹಣವನ್ನು ಮರಳಿ ಪಡೆಯಲು ದಾವೆ ಹೂಡಬಹುದು.

ಗ್ರಾಹಕರ ರಕ್ಷಣೆ

ಮನೆ ಸುಧಾರಣೆಯ ಒಪ್ಪಂದಗಳಲ್ಲಿ ಗುತ್ತಿಗೆದಾರರು ಸಾಮಾನ್ಯವಾಗಿ 1,000 ಡಾಲರ್ ಅಥವಾ ಒಪ್ಪಂದದ ಮೊತ್ತದ ಶೇ. 10, ಇವೆರಡರಲ್ಲಿ ಕಡಿಮೆಯಾದುದಕ್ಕಿಂತ ಹೆಚ್ಚಿನ ಮುಂಗಡ ಪಡೆಯುವಂತಿಲ್ಲ.